ಸಾಹಸವೂ ಸಂಘಧರ್ಮವೂ

ಸಾಹಸವೆಂಬ ಶಬ್ದವು ಕನ್ನಡಿಗರ ಕಿವಿಗೆ ಇಂಪಾದ ಶಬ್ದ. ಒಬ್ಬನನ್ನು ಸಾಹಸಿಯೆಂದು ಕರೆದರೆ ಅದು ಹೊಗಳಿಕೆಯೇ ಹೊರತು ತೆಗಳಿಕೆಯಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ರನ್ನಕವಿಯು ತನ್ನ ಗದಾಯುದ್ಧಕ್ಕೆ ಸಾಹಸಭೀಮವಿಜಯವೆಂಬ ಹೆಸರನ್ನೂ ಇಟ್ಟು, ತನ್ನ ಆಶ್ರಯದಾತನಾದ ಚಾಳುಕ್ಯ ಸತ್ಯಾಶ್ರಯನನ್ನು ಭೀಮಸೇನನೊಡನೆ ಒಂದುಮಾಡಿ ಕೊಂಡಾಡಿದನು. ಆದರೆ ಧರ್ಮಶಾಸ್ತ್ರದ ವ್ಯವಹಾರಭಾಗವನ್ನು ಓದಿದವರಿಗೆ ಈ ಶಬ್ದದ ಇನ್ನೊಂದು ಮುಖವೂ ತಿಳಿದಿರುವುದು. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಸಾಹಸವೂ ಒಂದು. ಅಲ್ಲಿ ಅದಕ್ಕೆ ಬಲಾತ್ಕಾರದಿಂದ ಎಸಗಿದ ಅಪರಾಧವೆಂದು ಅರ್ಥ. ಸಹಸ್ಸೆಂದರೆ ಬಲ, ಬಲದ ಭರದಲ್ಲಿ ಹಿಂದುಮುಂದು ನೋಡದೆ ಮಾಡಿದುದು ಸಾಹಸ. ಒಂದೇ ಶಬ್ದವು ಒಂದು ಕಡೆ ವೀರನಿಗೆ ಬಿರುದಾಗಿಯೂ ಇನ್ನೊಂದು ಕಡೆ ಅಪರಾಧಿಗೆ ಆರೋಪವಾಗಿಯೂ ನಿಂತಿರುವುದು ಆಕಸ್ಮಿಕವಲ್ಲ. ಸಾಹಸವು ಯಾವಾಗ ಗುಣ, ಯಾವಾಗ ದೋಷ ಎಂಬ ಪ್ರಶ್ನೆಯು ಶಬ್ದದ ಹೊಟ್ಟೆಯಲ್ಲಿಯೇ ಅಡಗಿದೆ.

ಈ ಪ್ರಶ್ನೆಯು ಈಗ ಕೇವಲ ಪಂಡಿತರ ಚರ್ಚೆಯಾಗಿ ಉಳಿದಿಲ್ಲ. ಮಕ್ಕಳನ್ನು ಬೆಟ್ಟ ಹತ್ತಿಸಿ, ಹೊಳೆ ದಾಟಿಸಿ, ಕಾಡಿನಲ್ಲಿ ಡೇರೆಯೊಳಗೆ ಮಲಗಿಸಿದರೆ ಅವರಲ್ಲಿ ಒಗ್ಗಟ್ಟೂ ನಾಯಕತ್ವವೂ ತಾವಾಗಿಯೇ ಬೆಳೆಯುವುವೆಂಬ ನಂಬಿಕೆಯು ಪಾಠಶಾಲೆಗಳಲ್ಲಿಯೂ ವ್ಯಾಪಾರದ ಸಂಸ್ಥೆಗಳಲ್ಲಿಯೂ ಹಬ್ಬಿದೆ. ಇದಕ್ಕೆ ಒಂದು ಗೌರವಾರ್ಹವಾದ ಮೂಲವೂ ಉಂಟು. ಜರ್ಮನಿಯಿಂದ ದೇಶಭ್ರಷ್ಟನಾಗಿ ಬ್ರಿಟನ್ನಿಗೆ ಬಂದ ಕುರ್ಟ್ ಹಾನ್ ಎಂಬ ಶಿಕ್ಷಣತಜ್ಞನು, ಹಡಗುಗಳ ಒಡೆಯನಾದ ಲಾರೆನ್ಸ್ ಹೋಲ್ಟನ ನೆರವಿನಿಂದ ೧೯೪೧ರಲ್ಲಿ ವೇಲ್ಸಿನ ಅಬರ್‌ಡೋವಿಯಲ್ಲಿ ‘ಔಟ್‌ವರ್ಡ್ ಬೌಂಡ್’ ಎಂಬ ಶಾಲೆಯನ್ನು ತೆರೆದನು. ಅದು ಎರಡನೆಯ ಮಹಾಯುದ್ಧದ ಕಾಲ. ಹಡಗು ಮುಳುಗಿದ ಮೇಲೆ ಸಣ್ಣ ದೋಣಿಗಳಲ್ಲಿ ಸಿಕ್ಕಿಕೊಂಡವರ ಪೈಕಿ ಗಟ್ಟಿಮುಟ್ಟಾದ ತರುಣರು ಬೇಗನೆ ಪ್ರಾಣ ಬಿಡುತ್ತಿದ್ದರು, ವಯಸ್ಸಾದ ನಾವಿಕರು ಬದುಕಿ ಬರುತ್ತಿದ್ದರು ಎಂಬುದು ಹೋಲ್ಟನ ಅನುಭವ. ಕೊರತೆಯು ದೇಹದಲ್ಲಿಲ್ಲ, ಅಂತಃಕರಣದಲ್ಲಿದೆ. ಅದನ್ನು ತರಬೇತಿಯಿಂದ ತುಂಬಬಹುದು ಎಂಬುದು ಆ ಶಾಲೆಯ ಆಧಾರಭಾವನೆ. ಭಾರತದಲ್ಲಿಯೂ ೧೯೫೩ರಲ್ಲಿ ತೇನ್‌ಸಿಂಗನು ಎವರೆಸ್ಟನ್ನು ಏರಿದ ಮರುವರ್ಷವೇ ದಾರ್ಜಿಲಿಂಗಿನಲ್ಲಿ ಪರ್ವತಾರೋಹಣದ ವಿದ್ಯಾಲಯವು ಹುಟ್ಟಿತು. ಆದುದರಿಂದ ಈ ಪಕ್ಷವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆದರೂ ವಿಚಾರಿಸಬೇಕಾದುದೊಂದಿದೆ. ಅಪಾಯವೇ ಒಗ್ಗಟ್ಟನ್ನು ಹುಟ್ಟಿಸುವುದೋ, ಅಥವಾ ಅಪಾಯದ ನಡುವೆ ಜನರು ಒಬ್ಬರನ್ನೊಬ್ಬರು ನಡೆಸಿಕೊಳ್ಳುವ ರೀತಿಯು ಹುಟ್ಟಿಸುವುದೋ? ಅಪಾಯವೇ ಕಾರಣವಾಗಿದ್ದರೆ, ಅಪಾಯವಿದ್ದಲ್ಲೆಲ್ಲ ಒಗ್ಗಟ್ಟು ಕಾಣಬೇಕು. ಒಂದೇ ಬಗೆಯ ವಿಪತ್ತಿಗೆ ಹೆಚ್ಚುಕಡಮೆ ಒಂದೇ ಕಾಲದಲ್ಲಿ ಸಿಕ್ಕಿದ ಎರಡು ಹಡಗುಗಳ ವೃತ್ತಾಂತವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದಕ್ಕೆ ಉತ್ತರ ದೊರೆಯುವುದು.

ಮೊದಲನೆಯದು ಕಾರ್ಲುಕ್ ಎಂಬ ಹಡಗು. ಕೆನಡದ ಉತ್ತರಧ್ರುವಪ್ರದೇಶದ ಶೋಧನೆಗಾಗಿ ವಿಲ್ಯಾಲ್ಮರ್ ಸ್ಟೆಫಾನ್ಸನ್ ಎಂಬುವನ ನಾಯಕತ್ವದಲ್ಲಿ ಅದು ೧೯೧೩ರಲ್ಲಿ ಹೊರಟಿತು. ಆಗಸ್ಟ್ ತಿಂಗಳಲ್ಲಿಯೇ ಮಂಜುಗಡ್ಡೆಯು ಅದನ್ನು ಹಿಡಿದುಕೊಂಡಿತು. ಸೆಪ್ಟೆಂಬರಿನಲ್ಲಿ ನಾಯಕನು ಬೇಟೆಗೆಂದು ಕೆಲವರೊಡನೆ ಹಡಗನ್ನಿಳಿದು ಹೋದನು. ಅಷ್ಟರಲ್ಲಿ ಬಿರುಗಾಳಿಯೆದ್ದು, ಮಂಜಿನೊಡನೆ ಹಡಗೂ ಪಶ್ಚಿಮಕ್ಕೆ ತೇಲಿಹೋಯಿತು. ನಾಯಕನು ಮತ್ತೆ ಅದನ್ನು ಸೇರಲಿಲ್ಲ. ೧೯೧೪ರ ಜನವರಿ ೧೧ರಂದು ಕಾರ್ಲುಕ್ ಮುಳುಗಿತು. ಮಂಜಿನ ಮೇಲೆ ಉಳಿದ ೨೫ ಮಂದಿಯಲ್ಲಿ ೧೧ ಮಂದಿ ಸತ್ತರು. ಕಪ್ತಾನನಾದ ಬಾರ್ಟ್‌ಲೆಟ್ಟನು ಧೀರನೂ ದಕ್ಷನೂ ಆಗಿದ್ದನು. ಕತಾಕ್ತೋವಿಕ್ ಎಂಬ ಇನ್ಯುಯಿಟ್ ಬೇಟೆಗಾರನೊಬ್ಬನನ್ನೇ ಜೊತೆಮಾಡಿಕೊಂಡು ಮಂಜಿನ ಮೇಲೆ ಸೈಬೀರಿಯದವರೆಗೆ ನಡೆದುಹೋಗಿ ಸಹಾಯವನ್ನು ತಂದವನು ಅವನೇ. ಆದರೆ ಒಡೆದ ಸಂಘವನ್ನು ಒಂದುಗೂಡಿಸುವುದು ಅವನಿಂದಾಗಲಿಲ್ಲ. ನಾಲ್ವರು ತಮ್ಮ ಹೊಣೆ ತಮ್ಮದೆಂದು ಪತ್ರ ಬರೆದುಕೊಟ್ಟು ಬೇರೆಯಾಗಿ ಹೊರಟುಹೋದರು. ಮತ್ತೆ ಅವರು ಮರಳಲಿಲ್ಲ. ರಾಂಗೆಲ್ ದ್ವೀಪವನ್ನು ಸೇರಿದವರು ಆಹಾರದ ವಿಷಯದಲ್ಲಿ ಜಗಳವಾಡಿ ಗುಂಪುಗುಂಪಾಗಿ ಚೆದರಿದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಬೇರೆಯಾಗಿ ಹೋದ ನಾಲ್ವರಲ್ಲಿ ಮ್ಯಾಕೇ, ಮರೆ ಎಂಬಿಬ್ಬರು ಸಾಹಸಕ್ಕೆ ಹೊಸಬರಲ್ಲ. ಐದಾರು ವರ್ಷಗಳ ಹಿಂದೆ ಅವರು ದಕ್ಷಿಣಧ್ರುವಪ್ರದೇಶಕ್ಕೆ ಹೋಗಿಬಂದವರು. ಮ್ಯಾಕೇಯಂತೂ ೧೯೦೯ರಲ್ಲಿ ದಕ್ಷಿಣದ ಕಾಂತಧ್ರುವವನ್ನು ಮುಟ್ಟಿದ ಮೂವರಲ್ಲಿ ಒಬ್ಬನು. ಸಾಹಸವೇ ಗುರುವಾಗಿದ್ದರೆ, ಒಟ್ಟಿಗೆ ನಿಲ್ಲುವ ಪಾಠವನ್ನು ಎಲ್ಲರಿಗಿಂತ ಮೊದಲು ಇವರು ಕಲಿತಿರಬೇಕಾಗಿತ್ತು. ಎದೆಗಾರಿಕೆಯಿತ್ತು, ಅನುಭವವಿತ್ತು, ಸಂಘಬುದ್ಧಿ ಮಾತ್ರ ನಿಲ್ಲಲಿಲ್ಲ. ಆದಕಾರಣ ಅಪಾಯದ ಪರಿಚಯವೇ ಒಗ್ಗಟ್ಟಿಗೆ ಕಾರಣವೆಂಬ ಪಕ್ಷವು ಇಲ್ಲಿಗೇ ಬಿದ್ದುಹೋಗುವುದು.

ಎರಡನೆಯದು ಎಂಡ್ಯೂರೆನ್ಸ್ ಎಂಬ ಹಡಗು. ಅದರ ನಾಯಕನು ಐರ್ಲೆಂಡಿನಲ್ಲಿ ಹುಟ್ಟಿದ ಅರ್ನೆಸ್ಟ್ ಶ್ಯಾಕಲ್ಟನ್. ಮ್ಯಾಕೇ ಮರೆಗಳು ಹಿಂದೆ ದಕ್ಷಿಣಕ್ಕೆ ಹೋಗಿದ್ದುದು ಇವನ ಕೈಕೆಳಗೆಯೇ ಎಂಬುದು ಸೋಜಿಗದ ಮಾತು. ದಕ್ಷಿಣಧ್ರುವಖಂಡವನ್ನು ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ನಡೆದು ದಾಟಬೇಕೆಂಬುದು ಅವನ ಸಂಕಲ್ಪ. ೧೯೧೪ರ ಡಿಸೆಂಬರ್ ೫ರಂದು ದಕ್ಷಿಣ ಜಾರ್ಜಿಯ ದ್ವೀಪವನ್ನು ಬಿಟ್ಟ ಆ ಹಡಗಿನಲ್ಲಿ ೨೮ ಮಂದಿಯಿದ್ದರು. ೧೯೧೫ರ ಜನವರಿಯಲ್ಲಿ ವೆಡೆಲ್ ಸಮುದ್ರದ ಮಂಜು ಅದನ್ನು ಕಚ್ಚಿ ಹಿಡಿಯಿತು. ಅಕ್ಟೋಬರ್ ೨೭ರಂದು ಎಲ್ಲರೂ ಜಜ್ಜಿಹೋದ ಹಡಗನ್ನು ಬಿಟ್ಟು ಮಂಜಿನ ಮೇಲಕ್ಕಿಳಿದರು. ನವೆಂಬರ್ ೨೧ರಂದು ಅದು ಮುಳುಗಿತು. ಐದು ತಿಂಗಳಿಗೂ ಮಿಕ್ಕಿ ತೇಲುವ ಮಂಜಿನ ಹಲಗೆಗಳೇ ಅವರಿಗೆ ನೆಲವಾದುವು. ಕಡೆಗೆ ಮೂರು ಸಣ್ಣ ದೋಣಿಗಳಲ್ಲಿ ೧೯೧೬ರ ಏಪ್ರಿಲ್ ನಡುವಿನಲ್ಲಿ ಜನಸಂಚಾರವೇ ಇಲ್ಲದ ಎಲಿಫೆಂಟ್ ದ್ವೀಪವನ್ನು ಮುಟ್ಟಿದರು. ಅಲ್ಲಿಂದ ಶ್ಯಾಕಲ್ಟನ್ನನು ಐವರೊಡನೆ ೨೨½ ಅಡಿ ಉದ್ದದ ದೋಣಿಯೊಂದರಲ್ಲಿ, ಲೋಕದಲ್ಲಿ ಅತಿ ಕ್ರೂರವೆನಿಸಿದ ಕಡಲಿನ ಮೇಲೆ ಸುಮಾರು ೮೦೦ ನಾವಿಕ ಮೈಲಿ ಸಾಗಿ, ದಕ್ಷಿಣ ಜಾರ್ಜಿಯವನ್ನು ಸೇರಿದನು. ಸೇರಿದ ತೀರದಲ್ಲಿ ಜನರಿರಲಿಲ್ಲ. ಮತ್ತಿಬ್ಬರೊಡನೆ ನಕ್ಷೆಯಿಲ್ಲದ ಹಿಮಪರ್ವತಗಳನ್ನು ಸುಮಾರು ೩೬ ಗಂಟೆಗಳ ಕಾಲ ಎಡೆಬಿಡದೆ ದಾಟಿ ಮೇ ೨೦ರಂದು ತಿಮಿಂಗಿಲಬೇಟೆಯವರ ಊರನ್ನು ಹೊಕ್ಕನು. ಹಿಂದೆ ಉಳಿದ ೨೨ ಮಂದಿಯನ್ನು ಕರೆತರಲು ಮೂರು ಸಲ ಹೊರಟು ಮೂರು ಸಲವೂ ಮಂಜಿನಿಂದ ಹಿಮ್ಮೆಟ್ಟಿದನು. ನಾಲ್ಕನೆಯ ಸಲ, ಚಿಲಿ ದೇಶದ ಯೆಲ್ಚೊ ಎಂಬ ಹಡಗಿನಲ್ಲಿ, ೧೯೧೬ರ ಆಗಸ್ಟ್ ೩೦ರಂದು ಎಲ್ಲರನ್ನೂ ಕರೆತಂದನು. ಇಪ್ಪತ್ತೆಂಟು ಮಂದಿಯಲ್ಲಿ ಒಬ್ಬನೂ ಸಾಯಲಿಲ್ಲ.

ಎರಡು ಹಡಗುಗಳಿಗೂ ಶತ್ರುವು ಒಂದೇ: ಮಂಜು. ಫಲವು ಮಾತ್ರ ಬೇರೆ. ಈ ಭೇದಕ್ಕೆ ಕಾರಣವನ್ನು ದೈವಕ್ಕೆ ಬಿಟ್ಟು ಕೈತೊಳೆದುಕೊಳ್ಳುವುದು ಸುಲಭ. ದೈವದ ಪಾಲೂ ಇರಬಹುದು. ಆದರೆ ಎಂಡ್ಯೂರೆನ್ಸಿನವರ ದಿನಚರಿಯಲ್ಲಿ ಕೆಲವು ಸಣ್ಣ ಸಂಗತಿಗಳಿವೆ. ದೊಡ್ಡ ಸಾಹಸಗಳಿಗಿಂತ ಅವುಗಳೇ ಹೆಚ್ಚು ಮಾತನಾಡುತ್ತವೆ.

ಹಡಗನ್ನು ಬಿಟ್ಟಾಗ ತುಪ್ಪುಳಿನ ಮಲಗುಚೀಲಗಳು ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಉಳಿದುವು ಅಷ್ಟು ಬೆಚ್ಚಗಿಲ್ಲದ ಉಣ್ಣೆಯವು. ಚೀಟಿಯೆತ್ತಿ ಹಂಚಿದರು. ಆಶ್ಚರ್ಯವೆಂಬಂತೆ, ಒಳ್ಳೆಯ ಚೀಲಗಳು ಸಾಮಾನ್ಯ ನಾವಿಕರಿಗೂ, ಉಣ್ಣೆಯವು ನಾಯಕನಿಗೂ ಮೇಲಿನ ಅಧಿಕಾರಿಗಳಿಗೂ ಬಂದುವು. ಅದು ಅದೃಷ್ಟವಲ್ಲವೆಂದೂ ಹಾಗಾಗುವಂತೆ ಮಾಡಿದ್ದರೆಂದೂ ಎಲ್ಲರಿಗೂ ತಿಳಿಯಿತು. ಒಬ್ಬೊಬ್ಬನೂ ಎರಡು ಪೌಂಡು ತೂಕಕ್ಕಿಂತ ಹೆಚ್ಚಿನ ಸ್ವಂತ ವಸ್ತುವನ್ನು ಒಯ್ಯಬಾರದೆಂದು ಆಜ್ಞೆಯಾದಾಗ, ನಾಯಕನು ತನ್ನ ಚಿನ್ನದ ನಾಣ್ಯಗಳನ್ನೇ ಮೊದಲು ಮಂಜಿನ ಮೇಲೆ ಎಸೆದನು. ಆದರೆ ಹಸ್ಸಿ ಎಂಬುವನ ಬ್ಯಾಂಜೊ ವಾದ್ಯವು ಎಷ್ಟೋ ಪಾಲು ಹೆಚ್ಚು ಭಾರವಾಗಿದ್ದರೂ ಅದನ್ನು ಬಿಡಗೊಡಲಿಲ್ಲ. ಮನಸ್ಸಿಗೆ ಅದೇ ಔಷಧವೆಂಬುದು ಅವನ ಎಣಿಕೆ. ಡೇರೆಗಳನ್ನು ಹಂಚುವಾಗ ತನಗೆ ಹಿಡಿಸಿದವರನ್ನು ತನ್ನ ಬಳಿ ಇರಿಸಿಕೊಳ್ಳದೆ, ಗೊಣಗುವವರನ್ನೂ ಇತರರೊಡನೆ ಹೊಂದದವರನ್ನೂ ತನ್ನ ಡೇರೆಗೆ ಸೇರಿಸಿಕೊಂಡನು. ದೋಣಿಯ ಪ್ರಯಾಣದಲ್ಲಿ ಯಾವನಾದರೂ ಚಳಿಗೆ ಸೋಲುತ್ತಿರುವುದು ಕಂಡರೆ, ಅವನೊಬ್ಬನಿಗೆಂದು ಹೇಳದೆ ಎಲ್ಲರಿಗೂ ಬಿಸಿಹಾಲು ಕಾಯಿಸುವಂತೆ ಹೇಳುತ್ತಿದ್ದನು. ಸೋತವನಿಗೆ ತಾನು ಸೋತೆನೆಂಬ ನಾಚಿಕೆಯಾಗಬಾರದೆಂಬುದೇ ಇದರ ಗುಟ್ಟು.

ನಾಯಕಶಬ್ದವು ‘ನೀ’ ಧಾತುವಿನಿಂದ ಬಂದಿದೆ, ಕೊಂಡೊಯ್ಯುವವನು ನಾಯಕನು. ಆದರೆ ಸಂಸ್ಕೃತದಲ್ಲಿ ಹಾರದ ನಡುವಿನ ಮಣಿಗೂ ನಾಯಕವೆಂಬ ಹೆಸರುಂಟು. ಆ ಮಣಿಯು ಮಿಕ್ಕವುಗಳಿಗಿಂತ ದೊಡ್ಡದಾದರೂ ಅವುಗಳನ್ನು ಪೋಣಿಸಿದ ದಾರದಲ್ಲಿಯೇ ಪೋಣಿಸಲ್ಪಟ್ಟಿರುವುದು. ದಾರವು ಹರಿದರೆ ಅದೂ ಉಳಿದವುಗಳೊಡನೆ ಉರುಳುವುದು. ಕಾರ್ಲುಕ್ಕಿನ ನಾಯಕನು ಮುಂದೆ ಹೋಗುವವನಾಗಿದ್ದನು, ದಾರದಲ್ಲಿ ಉಳಿಯುವವನಾಗಲಿಲ್ಲ. ಶ್ಯಾಕಲ್ಟನ್ನನು ಎರಡೂ ಆಗಿದ್ದನು. ಇದಕ್ಕಿಂತಲೂ ದೊಡ್ಡ ಸಾಕ್ಷಿಯೆಂದರೆ ಅವನಿಲ್ಲದಾಗ ಏನಾಯಿತೆಂಬುದು. ಎಲಿಫೆಂಟ್ ದ್ವೀಪದಲ್ಲಿ ಉಳಿದ ೨೨ ಮಂದಿ ಫ್ರಾಂಕ್ ವೈಲ್ಡನ ಮೇಲ್ವಿಚಾರಣೆಯಲ್ಲಿ ಎರಡು ದೋಣಿಗಳನ್ನು ಬೋರಲು ಹಾಕಿ ಅವುಗಳ ಕೆಳಗೆ ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ಬದುಕಿದರು. ಒಬ್ಬ ತರುಣನ ಹೆಪ್ಪುಗಟ್ಟಿದ ಕಾಲ್ಬೆರಳುಗಳನ್ನು ವೈದ್ಯರು ಅಲ್ಲಿಯೇ ಕತ್ತರಿಸಿ ತೆಗೆದರು. ಸಹಾಯ ಬರುವುದೋ ಇಲ್ಲವೋ ತಿಳಿಯದು; ಆದರೂ ಮುಖ್ಯನು ಇಂದು ಬಂದಾನು, ಸಾಮಾನು ಕಟ್ಟಿಡಿರೆಂದು ವೈಲ್ಡನು ಹೇಳುತ್ತಲೇ ಇದ್ದನು. ತಾನು ಎದುರಿಗಿಲ್ಲದಾಗಲೂ ಸಂಘವು ನಿಲ್ಲುವಂತೆ ಮಾಡಿದವನೇ ನಿಜವಾದ ನಾಯಕನು. ಅದಕ್ಕೆ ಎರಡನೆಯವನಲ್ಲಿಯೂ ಸಮಾನವಾದ ಯೋಗ್ಯತೆ ಬೇಕು. ವೈಲ್ಡನ ಭಸ್ಮವನ್ನು ೨೦೧೧ರಲ್ಲಿ ದಕ್ಷಿಣ ಜಾರ್ಜಿಯದಲ್ಲಿರುವ ಶ್ಯಾಕಲ್ಟನ್ನನ ಸಮಾಧಿಯ ಪಕ್ಕದಲ್ಲಿ ಇರಿಸಿದುದು ಉಚಿತವೇ ಆಯಿತು.

ಈ ಗುಣಗಳಿಗೆಲ್ಲ ತಾಯಿಬೇರಾದ ಗುಣವೊಂದಿದೆ. ಅದು ಗುರಿಯನ್ನು ಬಿಟ್ಟುಕೊಡುವ ಶಕ್ತಿ. ೧೯೦೯ರ ಜನವರಿ ೯ರಂದು ಶ್ಯಾಕಲ್ಟನ್ನನು ಮೂವರೊಡನೆ ದಕ್ಷಿಣಧ್ರುವಕ್ಕೆ ಕೇವಲ ೯೭ ನಾವಿಕ ಮೈಲಿ ದೂರದಲ್ಲಿದ್ದನು. ಅಲ್ಲಿಯವರೆಗೆ ಯಾವ ಮನುಷ್ಯನೂ ಅಷ್ಟು ದಕ್ಷಿಣಕ್ಕೆ ಹೋಗಿರಲಿಲ್ಲ. ಮುಂದೆ ಹೋದರೆ ಧ್ರುವ ಸಿಕ್ಕುವುದು, ಹಿಂದಿರುಗುವಷ್ಟು ಆಹಾರ ಉಳಿಯದು ಎಂದು ಲೆಕ್ಕ ತೋರಿಸಿತು. ಅವನು ಹಿಂದಿರುಗಿದನು. ಆ ಪ್ರಯಾಣದಲ್ಲಿಯೇ ತನ್ನ ಪಾಲಿನ ಬಿಸ್ಕತ್ತೊಂದನ್ನು ಹಸಿದಿದ್ದ ವೈಲ್ಡನಿಗೆ ಬಲವಂತದಿಂದ ಕೊಟ್ಟನು. ಧ್ರುವದ ಕೀರ್ತಿಯು ೧೯೧೧ರ ಡಿಸೆಂಬರ್ ೧೪ರಂದು ನಾರ್ವೆಯ ಅಮುಂಡ್‌ಸೆನ್ನನಿಗೆ ದಕ್ಕಿತು. ಅನಂತರ ಖಂಡವನ್ನು ದಾಟುವ ಗುರಿಯೂ ಹಡಗಿನೊಡನೆ ಮುಳುಗಿದಾಗ, ಅದಕ್ಕಾಗಿ ಅಳುತ್ತ ಕೂಡದೆ, ಎಲ್ಲರನ್ನೂ ಜೀವಂತವಾಗಿ ಮನೆಗೆ ಸೇರಿಸುವುದನ್ನೇ ಹೊಸ ಗುರಿಯಾಗಿ ಹಿಡಿದನು. ಜನರನ್ನು ಗುರಿಗೆ ಸಾಧನವಾಗಿ ಬಳಸುವವನ ಸಾಹಸವು ಶಾಸ್ತ್ರವು ದಂಡನೀಯವೆಂದ ಸಾಹಸಕ್ಕೆ ಹತ್ತಿರದ್ದು. ಜನರ ಸಲುವಾಗಿ ಗುರಿಯನ್ನು ಬಿಡಬಲ್ಲವನ ಸಾಹಸವೇ ಬಿರುದಿಗೆ ಯೋಗ್ಯವಾದದ್ದು.

ಹೀಗೆಂದು ನಿಲ್ಲಿಸಿದರೆ ಸ್ತುತಿಪಾಠವಾಗುವುದೇ ಹೊರತು ವಿಚಾರವಾಗದು. ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು.

ಹಡಗಿನ ಬಡಗಿಯಾದ ಮ್ಯಾಕ್‌ನಿಶ್ ಎಂಬುವನು ೧೯೧೫ರ ಡಿಸೆಂಬರ್ ಕೊನೆಯಲ್ಲಿ ದೋಣಿಗಳನ್ನೆಳೆಯುವ ದಂಡಯಾತ್ರೆಯ ನಡುವೆ ಮುಂದೆ ಹೆಜ್ಜೆಯಿಡಲಾರೆನೆಂದು ನಿಂತುಬಿಟ್ಟನು. ಹಡಗು ಮುಳುಗಿದ ಮೇಲೆ ಕರಾರೂ ಮುಳುಗಿತು, ಆಜ್ಞೆಯನ್ನು ಪಾಲಿಸಬೇಕಾದುದಿಲ್ಲ ಎಂಬುದು ಅವನ ವಾದ. ನಾಯಕನು ಕರಾರಿನ ನಿಯಮಗಳನ್ನು ಎಲ್ಲರೆದುರಿಗೆ ಓದಿ, ಸಂಬಳವು ನಿಲ್ಲುವುದಿಲ್ಲವೆಂದು ಹೇಳಿ ಅವನನ್ನು ದಾರಿಗೆ ತಂದನು. ಆ ಯಾತ್ರೆಯಾದರೋ ಕೆಲವೇ ದಿನಗಳಲ್ಲಿ ನಿಷ್ಫಲವೆಂದು ತೋರಿ ನಿಂತಿತು. ಮುಂದೆ ಅದೇ ಬಡಗಿಯು ದೋಣಿಯ ಅಂಚುಗಳನ್ನು ಎತ್ತರಿಸಿ, ಮೇಲೆ ಹೊದಿಕೆಯನ್ನು ಕಟ್ಟಿ, ಅದನ್ನು ಮಹಾಸಮುದ್ರಕ್ಕೆ ತಕ್ಕದನ್ನಾಗಿ ಮಾಡಿದನು. ಅವನ ಕೈಗೆಲಸವಿಲ್ಲದಿದ್ದರೆ ಆರು ಮಂದಿಯೂ ನೀರುಪಾಲಾಗುತ್ತಿದ್ದರು; ಇಪ್ಪತ್ತೆರಡು ಮಂದಿ ದ್ವೀಪದಲ್ಲಿಯೇ ಕಾದು ಸಾಯುತ್ತಿದ್ದರು. ಆದರೂ ಪದಕಗಳನ್ನು ಹಂಚುವ ಕಾಲಕ್ಕೆ ಪದಕ ದೊರೆಯದ ನಾಲ್ವರಲ್ಲಿ ಮ್ಯಾಕ್‌ನಿಶ್ ಒಬ್ಬನಾದನು. ಸೋತವನನ್ನು ಕ್ಷಮಿಸುವುದು ಶ್ಯಾಕಲ್ಟನ್ನನಿಗೆ ಸುಲಭವಾಗಿತ್ತು. ಎದುರಾಡಿದವನನ್ನು ಕ್ಷಮಿಸುವುದು ಕಷ್ಟವಾಯಿತು. ಈ ಕೊರತೆಯು ಅವನೊಬ್ಬನದೇ ಅಲ್ಲ. ಒಗ್ಗಟ್ಟಿನ ಹೆಸರಿನಲ್ಲಿ ಭಿನ್ನಾಭಿಪ್ರಾಯವನ್ನು ದ್ರೋಹವೆಂದೆಣಿಸುವ ಚಪಲವು ಸಂಘವನ್ನು ಕಟ್ಟುವ ಸಮರ್ಥರೆಲ್ಲರನ್ನೂ ಕಾಡುವುದು.

ಇದಕ್ಕಿಂತ ಭಾರವಾದುದು ಇನ್ನೊಂದಿದೆ. ಖಂಡವನ್ನು ದಾಟಿ ಬರುವ ಶ್ಯಾಕಲ್ಟನ್ನನಿಗೆ ಕಡೆಯ ದಾರಿಯಲ್ಲಿ ಆಹಾರ ಬೇಕಾಗುವುದಷ್ಟೆ. ಅದನ್ನು ಅಲ್ಲಲ್ಲಿ ಕೂಡಿಡಲು ಎದುರು ತೀರದ ರಾಸ್ ಸಮುದ್ರಕ್ಕೆ ಇನ್ನೊಂದು ಪಕ್ಷವನ್ನು ಕಳುಹಿಸಿದ್ದನು. ಹಣದ ಅಭಾವದಿಂದ ಅದರ ಸಿದ್ಧತೆಯು ಅರೆಕೊರೆಯಾಗಿತ್ತು. ೧೯೧೫ರ ಮೇ ತಿಂಗಳಲ್ಲಿ ಅವರ ಹಡಗು ಬಿರುಗಾಳಿಗೆ ಕಟ್ಟು ಹರಿದು ತೇಲಿಹೋಗಲು, ತೀರದಲ್ಲಿ ಹತ್ತು ಮಂದಿ ಉಳಿದರು. ಅವರು ಕೊಟ್ಟ ಮಾತನ್ನು ಬಿಡಲಿಲ್ಲ. ಹಳೆಯ ಸಾಮಾನುಗಳಿಂದ ಬಟ್ಟೆ ಹೊಲಿದುಕೊಂಡು, ರಕ್ತಪಿತ್ತದಿಂದ ನರಳುತ್ತ, ಬಿಯರ್ಡ್‌ಮೋರ್ ಹಿಮನದಿಯ ಬುಡದವರೆಗೂ ಆಹಾರವನ್ನು ಎಳೆದೊಯ್ದು ಇಟ್ಟರು. ಆ ಹೊತ್ತಿಗೆ ಎಂಡ್ಯೂರೆನ್ಸ್ ಕಡಲಿನ ತಳವನ್ನು ಸೇರಿತ್ತು. ಯಾರಿಗಾಗಿ ಇಟ್ಟರೋ ಅವರು ಬರಲಿಲ್ಲ. ಮೂವರು ಸತ್ತರು. ಎಂಡ್ಯೂರೆನ್ಸಿನಲ್ಲಿ ಒಬ್ಬನೂ ಸಾಯಲಿಲ್ಲವೆಂದು ಹೇಳುವವರು ಈ ಮೂವರನ್ನು ಮರೆಯಬಾರದು. ಅವರೂ ಅವನವರೇ. ಕಣ್ಣೆದುರಿನವರ ಕ್ಷೇಮವನ್ನು ನೋಡಿಕೊಳ್ಳುವುದಕ್ಕೆ ಕರುಣೆಯೊಂದಿದ್ದರೆ ಸಾಕು. ಕಣ್ಣಿಗೆ ಕಾಣದ ದೂರದವರ ಕ್ಷೇಮಕ್ಕೆ ಹೊರಡುವ ಮೊದಲೇ ಮಾಡಿದ ಸಿದ್ಧತೆ ಬೇಕು. ನಾಯಕನ ಧರ್ಮವು ಆಪತ್ಕಾಲದಲ್ಲಿ ತೊಡಗುವುದಿಲ್ಲ, ಪ್ರಯಾಣದ ಲೆಕ್ಕಪತ್ರದಲ್ಲಿಯೇ ತೊಡಗುವುದು.

ಹಾಗಾದರೆ ಆ ಹತ್ತು ಮಂದಿಯ ಶ್ರಮವು ವ್ಯರ್ಥವೇ? ಫಲವೊಂದನ್ನೇ ಅಳತೆಯಾಗಿ ಹಿಡಿದರೆ ವ್ಯರ್ಥವೆಂದೇ ಹೇಳಬೇಕು. ಆದರೆ ಫಲವು ತಮ್ಮ ಕೈಯಲ್ಲಿಲ್ಲವೆಂದು ತಿಳಿಯದೆಯೇ ಅವರು ಕರ್ಮವನ್ನು ಕಡೆಮುಟ್ಟಿಸಿದರು. ತಾವು ಎಂದೂ ಕಾಣದಂತಾಗಬಹುದಾದ ಮನುಷ್ಯರ ಪ್ರಾಣವು ತಮ್ಮ ಕೈಯಲ್ಲಿದೆಯೆಂಬ ನಂಬಿಕೆಯೊಂದರಿಂದ ನಡೆದರು. ಸಂಘಧರ್ಮದ ಪರಮಾವಧಿಯು ಇದೇ. ಅದನ್ನು ವ್ಯರ್ಥವೆನ್ನುವ ಲೆಕ್ಕದಲ್ಲಿ ಏನೋ ತಪ್ಪಿದೆ. ಆದರೆ ಅವರ ಹಿರಿಮೆಯು ಅವರನ್ನು ಅರೆಸಿದ್ಧತೆಯಲ್ಲಿ ಕಳುಹಿಸಿದವನ ಹೊಣೆಯನ್ನು ಒಂದು ಗುಂಜಿಯಷ್ಟೂ ಕಡಮೆ ಮಾಡುವುದಿಲ್ಲ. ಸೇವಕರ ನಿಷ್ಕಾಮತೆಯು ಸ್ವಾಮಿಯ ಅಜಾಗರೂಕತೆಗೆ ಪ್ರಾಯಶ್ಚಿತ್ತವಾಗಲಾರದು.

ಇಷ್ಟರಿಂದ ಸಿದ್ಧಾಂತವು ಹೊರಡುವುದು. ಸಾಹಸಕ್ಕೆ ಮೂಲವಾದ ಸಹಸ್ಸೂ, ತಾಳಿಕೊಳ್ಳುವುದೆಂಬ ಅರ್ಥದ ಸಹನವೂ ಒಂದೇ ‘ಸಹ್’ ಧಾತುವಿನಿಂದ ಹುಟ್ಟಿದುವು. ಎದುರಿಗಿರುವುದನ್ನು ಮೀರುವ ಬಲ ಒಂದು, ಮೇಲೆ ಬಿದ್ದುದನ್ನು ಹೊರುವ ಬಲ ಇನ್ನೊಂದು. ಎಂಡ್ಯೂರೆನ್ಸೆಂಬ ಹೆಸರಿಗೂ ಸಹನೆಯೆಂದೇ ಅರ್ಥ. ೨೦೨೨ರ ಮಾರ್ಚಿಯಲ್ಲಿ ವೆಡೆಲ್ ಸಮುದ್ರದ ತಳದಲ್ಲಿ, ೩೦೦೮ ಮೀಟರ್ ಆಳದಲ್ಲಿ, ಆ ಹಡಗನ್ನು ಕಂಡುಹಿಡಿದಾಗ ಹಿಂಬದಿಯಲ್ಲಿ ಆ ಹೆಸರು ಇನ್ನೂ ಓದುವಂತಿತ್ತು. ಸಹನೆಯಿಂದ ಬೇರ್ಪಟ್ಟ ಸಾಹಸವು ಬಲಾತ್ಕಾರವಾಗುವುದು. ಸಾಹಸದಿಂದ ಬೇರ್ಪಟ್ಟ ಸಹನೆಯು ಜಡತ್ವವಾಗುವುದು. ಎರಡೂ ಕೂಡಿದಲ್ಲಿ ಸಂಘವು ನಿಲ್ಲುವುದು. ಅಪಾಯವು ಈ ಕೂಟವನ್ನು ಹುಟ್ಟಿಸುವುದಿಲ್ಲ. ಇದೆಯೋ ಇಲ್ಲವೋ ಎಂಬುದನ್ನು ಬೆಂಕಿಯು ಚಿನ್ನವನ್ನು ತೋರಿಸುವಂತೆ ತೋರಿಸುವುದು. ಹುಟ್ಟಿಸುವುದು ನಿತ್ಯದ ನಡತೆ: ಒಳ್ಳೆಯ ಚೀಲವನ್ನು ಇನ್ನೊಬ್ಬನಿಗೆ ಬಿಡುವುದು, ಗೊಣಗುವವನನ್ನು ಹತ್ತಿರ ಕೂರಿಸಿಕೊಳ್ಳುವುದು, ಸೋತವನ ಮಾನವನ್ನು ಕಾಯುವುದು.

ಆದುದರಿಂದ ಮಕ್ಕಳನ್ನು ಬೆಟ್ಟಕ್ಕೂ ಹೊಳೆಗೂ ಕಳುಹಿಸಬಾರದೆಂದಲ್ಲ, ಕಳುಹಿಸಬೇಕು. ಮನೆಯ ಜಗಲಿಯಲ್ಲಿ ಕುಳಿತು ಧೈರ್ಯವನ್ನು ಕಲಿತವರಿಲ್ಲ. ಆದರೆ ಕಳುಹಿಸುವ ಮೊದಲು, ಕರೆದೊಯ್ಯುವವರ ಸಿದ್ಧತೆಯು ಎಷ್ಟು, ಹಿಂದಿರುಗಬೇಕಾದ ಹೊತ್ತಿನಲ್ಲಿ ಹಿಂದಿರುಗುವ ವಿವೇಕವು ಅವರಿಗೆ ಉಂಟೆ ಎಂಬುದನ್ನು ತಂದೆತಾಯಿಗಳು ವಿಚಾರಿಸಬೇಕು. ಮಗುವು ಮನೆಗೆ ಬಂದ ಮೇಲೆ ಎಷ್ಟು ಎತ್ತರಕ್ಕೆ ಹೋದೆಯೆಂದು ಕೇಳುವುದರ ಜೊತೆಗೆ, ಎಲ್ಲರಿಗಿಂತ ಹಿಂದುಳಿದವರು ಯಾರು, ಅವರಿಗಾಗಿ ನಿಂತವರು ಯಾರು, ಬುತ್ತಿಯನ್ನು ಹೇಗೆ ಹಂಚಿಕೊಂಡಿರಿ ಎಂದೂ ಕೇಳಬೇಕು. ಈ ಪ್ರಶ್ನೆಗಳಿಗೆ ಮಗುವು ತಡವರಿಸದೆ ಉತ್ತರ ಕೊಟ್ಟರೆ ಆ ಪ್ರಯಾಣವು ಸಾರ್ಥಕವಾಯಿತೆಂದು ತಿಳಿಯಬಹುದು. ಶಿಖರವನ್ನು ಮುಟ್ಟದೆ ಅರ್ಧದಾರಿಯಿಂದ ಮರಳಿ ಬಂದಿದ್ದರೂ ಸರಿಯೆ.